ಬದುಕಿದ್ದಾಗಲೇ ಯಜಮಾನಿಕೆ ಬಿಟ್ಟುಕೊಟ್ಟ ನಮ್ಮ ಮಾವ

ಪ್ರಶ್ನೆ: ಅಮೆರಿಕದಲ್ಲಿ ಮಕ್ಕಳಿಗೆ ಹದಿನೆಂಟು ತುಂಬಿದರೆ ಮನೆಯಿಂದ ಆಚೆ ಕಳಿಸುತ್ತಾರೆ, ನಮ್ಮ ಹಾಗೆ ಕುಟುಂಬ ಅನ್ನೋದೇ ಅಲ್ಲಿಲ್ಲ ಅಂತಾರೆ. ನಿಜವಾ? ಹತ್ತಿರದಿಂದ ನೋಡಿದವರು ಹೇಳಿ.

ಇಡೀ ಅಮೆರಿಕದ ಬಗ್ಗೆ ಹೇಳಲು ನಾನು ಯಾರು? ನನಗೆ ಚೆನ್ನಾಗಿ ಗೊತ್ತಿರುವುದು ಒಂದು ಮನೆ. ನನ್ನ ಗಂಡ ಅಲ್ಲಿಯವರು. ಅವರ ಅಪ್ಪ ನೆಬ್ರಾಸ್ಕಾ ರಾಜ್ಯದ ಸ್ಯಾಂಡ್‌ಹಿಲ್ಸ್‌ನಲ್ಲಿ ದನ ಸಾಕುವ ರ‍್ಯಾಂಚ್ ನಡೆಸುತ್ತಿದ್ದರು. ಹೋದ ವರ್ಷ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಬಗ್ಗೆ ಹೇಳುತ್ತೇನೆ, ಉತ್ತರ ಅದರಲ್ಲೇ ಇದೆ.

ಮೊದಲು ಜಾಗ ಹೇಳಬೇಕು, ಇಲ್ಲದಿದ್ದರೆ ಮನುಷ್ಯ ಅರ್ಥವಾಗುವುದಿಲ್ಲ. ಅದು ಪೂರ್ತಿ ಮರಳು ದಿಬ್ಬಗಳ ಸೀಮೆ. ಮೇಲೆ ಹುಲ್ಲು ಹಿಡಿದುಕೊಂಡಿರುವುದರಿಂದ ಮರಳು ನಿಂತಿದೆ. ಹುಲ್ಲು ಕಿತ್ತುಹೋದ ಕಡೆ ಗಾಳಿ ಗುಂಡಿ ತೋಡುತ್ತದೆ. ಅದಕ್ಕೇ ಅಲ್ಲಿ ಉಳುಮೆಗಿಂತ ದನ ಮೇಯಿಸುವುದೇ ಜಾಸ್ತಿ. ಅಲ್ಲಿನ ಚೆರಿ ಕೌಂಟಿ ಒಂದೇ ಸುಮಾರು 15,500 ಚದರ ಕಿಲೋಮೀಟರ್, ನಮ್ಮ ಬೆಳಗಾವಿ ಜಿಲ್ಲೆಗಿಂತ ದೊಡ್ಡದು. ಜನ ಮಾತ್ರ 2020ರ ಗಣತಿಯಲ್ಲಿ 5,500ರ ಆಸುಪಾಸು. ಬೆಳಗಾವಿಯಲ್ಲಿ 2011ರಲ್ಲೇ 47 ಲಕ್ಷ ದಾಟಿತ್ತು!

1904ರಲ್ಲಿ ಕಿಂಕೈಡ್ ಕಾಯ್ದೆ ಬಂತು. ಅಲ್ಲಿ ಹೋಗಿ ನೆಲೆಸುವವರಿಗೆ ಸರ್ಕಾರ 640 ಎಕರೆ ಕೊಟ್ಟಿತು. ಕೇಳಲು ಬಹಳ ಅನ್ನಿಸುತ್ತದೆ. ಆದರೆ ಆ ನೆಲದಲ್ಲಿ ಒಂದು ಹಸು, ಅದರ ಕರುವಿಗೇ ವರ್ಷಕ್ಕೆ 15-20 ಎಕರೆ ಹುಲ್ಲು ಬೇಕು. ಲೆಕ್ಕ ಹಾಕಿ, ನಲವತ್ತು ಹಸು ಸಾಕಿದರೆ ಹೆಚ್ಚು. ಬಂದವರಲ್ಲಿ ಬಹಳ ಜನ ಮಾರಿ ಹೋದರು. ಉಳಿದವರು ಅದನ್ನೇ ಕೊಂಡು ಕೊಂಡು ದೊಡ್ಡವರಾದರು. ಮಾವನ ತಾತ ಉಳಿದವರು.

ಅಂದರೆ ಅಲ್ಲಿ ಅಣ್ಣತಮ್ಮಂದಿರು ಜಮೀನು ಭಾಗ ಮಾಡಿಕೊಂಡರೆ ಯಾರಿಗೂ ಬದುಕಿಲ್ಲ. ಮಾಡಿಕೊಳ್ಳದಿದ್ದರೆ ಜಗಳ. ಅಪ್ಪ ಚೆಕ್‌ಬುಕ್ ಹಿಡಿದುಕೊಂಡೇ ಎಂಬತ್ತಾಗುತ್ತಾರೆ, ಐವತ್ತಾದ ಮಗ ಕೂಲಿಯವನ ಹಾಗೆ ಅಪ್ಪನ ಮಾತು ಕಾಯುತ್ತಾನೆ. ಅಕ್ಕಪಕ್ಕದ ರ‍್ಯಾಂಚ್‌ಗಳಲ್ಲಿ ಇದನ್ನು ನೋಡಿದ್ದೇನೆ. ನಮ್ಮೂರಲ್ಲಿ ನೋಡಿಲ್ಲವೇ?

ಮಾವ ಅರವತ್ತು ದಾಟಿದ ಮೇಲೆ ಒಂದು ಕ್ರಿಸ್‌ಮಸ್‌ಗೆ ಮೂವರು ಮಕ್ಕಳನ್ನೂ, ಸೊಸೆ ಅಳಿಯಂದಿರನ್ನೂ ಊಟದ ಮೇಜಿನ ಸುತ್ತ ಕೂರಿಸಿದರು. ಲಾಯರ್ ಹತ್ತಿರ ಕಾಗದ ಆಗಲೇ ಮಾಡಿಸಿದ್ದರು. ಜಮೀನು ಕುಟುಂಬದ ಕಂಪನಿಯ ಹೆಸರಿಗೆ. ಅಲ್ಲೇ ಇದ್ದು ದುಡಿಯುವ ಹಿರಿಮಗನಿಗೆ, ಅಂದರೆ ನಮ್ಮ ಭಾವನಿಗೆ, ನಡೆಸುವ ಅಧಿಕಾರ. ಹೊರಗಿರುವ ನನ್ನ ಗಂಡ ಮತ್ತು ನಾದಿನಿಗೆ ಮಾವನ ಜೀವವಿಮೆ ಹಣ, ಜೊತೆಗೆ ಸ್ವಲ್ಪ ಪಾಲು. ಆ ಪಾಲನ್ನು ಭಾವ ನಿಧಾನವಾಗಿ ಕೊಂಡುಕೊಳ್ಳಬಹುದು. ಯಾರಿಗೆ ಏನು ಬೇಸರವಿದ್ದರೂ ನಾನು ಬದುಕಿರುವಾಗಲೇ ಹೇಳಿ, ಸತ್ತ ಮೇಲೆ ನನ್ನ ಕೈಲಿ ಉತ್ತರ ಕೊಡೋಕಾಗಲ್ಲ ಅಂದರು. ನಾದಿನಿ ಹೇಳಿಯೇಬಿಟ್ಟಳು. ಅರ್ಧ ರಾತ್ರಿವರೆಗೆ ಕೂಗಾಟ. ಆಮೇಲೆ ಕಾಗದದಲ್ಲಿ ಎರಡು ಸಾಲು ಬದಲಾಯಿತು.

ಕಾಗದ ಮಾಡಿಸುವುದು ಸುಲಭ. ಅದರಂತೆ ನಡೆಯುವುದು ಕಷ್ಟ. ಮರುದಿನದಿಂದ ಮಾವ ಬೆಳಿಗ್ಗೆ ಕಾಫಿ ಹಿಡಿದು ಮಗನನ್ನು ಕೇಳುತ್ತಿದ್ದರು, "ಇವತ್ತು ನನಗೇನು ಕೆಲಸ?" ನೀರೆತ್ತುವ ಗಾಳಿಯಂತ್ರ ರಿಪೇರಿ, ಚಳಿಗಾಲದಲ್ಲಿ ದನದ ತೊಟ್ಟಿಯ ಮಂಜುಗಡ್ಡೆ ಒಡೆಯುವುದು, ಬೇಲಿ. ಹೇಳಿದ್ದನ್ನು ಮಾಡಿದರು.

ಭಾವ ಮೊದಲು ಮಾಡಿದ ಬದಲಾವಣೆಯೇ ಅಪ್ಪನಿಗೆ ಹಿಡಿಸದ್ದು. ತಾತನ ಕಾಲದಿಂದ ಅಲ್ಲಿ ಹಸುಗಳು ಈಯುವುದು ಫೆಬ್ರವರಿ-ಮಾರ್ಚ್‌ನಲ್ಲಿ. ಮೈ ಕೊರೆಯುವ ಹಿಮ. ಚೊಚ್ಚಲ ಕಡಸುಗಳನ್ನು ರಾತ್ರಿಯೆಲ್ಲ ಎರಡೆರಡು ಗಂಟೆಗೆ ಎದ್ದು ನೋಡಬೇಕು. ಹೆಪ್ಪುಗಟ್ಟಿದ ಕರುವನ್ನು ಮನೆಯ ಬಾತ್‌ಟಬ್‌ನ ಬಿಸಿನೀರಲ್ಲಿ ಇಟ್ಟು, ಗಿಣ್ಣುಹಾಲು ಕುಡಿಸಿ ಬದುಕಿಸಬೇಕು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಗುಡ್‌ಮಂಡ್ಸನ್ ಸಂಶೋಧನಾ ಕೇಂದ್ರ ಆ ಸೀಮೆಯಲ್ಲೇ ಇದೆ. ಹುಲ್ಲು ಚಿಗುರುವ ಕಾಲಕ್ಕೆ ಹಸು ಈದರೆ ಹೇಗೆ ಎಂದು ಅಲ್ಲಿ ವರ್ಷಗಟ್ಟಲೆ ನೋಡಿದ್ದಾರೆ. ಅದನ್ನೇ ಓದಿ ಭಾವ ಹೋರಿ ಬಿಡುವ ತಿಂಗಳನ್ನು ಮುಂದಕ್ಕೆ ಹಾಕಿದರು. ಕರು ಏಪ್ರಿಲ್ ಕೊನೆಗೆ ಹುಟ್ಟುವ ಹಾಗಾಯಿತು. ಮಾರುವಾಗ ಕರು ಚಿಕ್ಕದಾಗಿರುತ್ತದೆ, ತೂಕ ಬರಲ್ಲ ಅನ್ನುವುದು ಮಾವನ ಲೆಕ್ಕ. ಒಮ್ಮೆ ಹೇಳಿದರು. ಮತ್ತೆ ಆ ಮಾತು ಎತ್ತಲಿಲ್ಲ.

2019ರ ಮಾರ್ಚ್ ಮಧ್ಯದಲ್ಲಿ ನೆಬ್ರಾಸ್ಕಾಕ್ಕೆ ದೊಡ್ಡ ಬಿರುಗಾಳಿ ಹೊಡೆಯಿತು. ಒಂದು ಕಡೆ ಹಿಮ, ಇನ್ನೊಂದು ಕಡೆ ಪ್ರವಾಹ. ನಯೋಬ್ರಾರಾ ನದಿಯ ಸ್ಪೆನ್ಸರ್ ಅಣೆಕಟ್ಟೇ ಒಡೆದುಹೋಯಿತು. ಆಗ ತಾನೇ ಹುಟ್ಟಿದ ಕರುಗಳನ್ನು ಕಳೆದುಕೊಂಡವರು ಎಷ್ಟೋ ಜನ. ನಮ್ಮವು ಇನ್ನೂ ತಾಯಿ ಹೊಟ್ಟೆಯಲ್ಲಿದ್ದವು. ಮಾವ ಆ ವರ್ಷ ದನದ ಹರಾಜಿಗೆ ಹೋದಾಗಲೆಲ್ಲ ಸಿಕ್ಕವರಿಗೆಲ್ಲ ಅದು ಮಗನ ಬುದ್ಧಿ, ತಾನು ಬೇಡ ಅಂದಿದ್ದೆ ಎಂದು ಹೇಳಿಕೊಂಡು ಓಡಾಡಿದರು. ಭಾವನಿಗೆ ನಾಚಿಕೆಯಾಗುವಷ್ಟು!

ದೇವರಂಥ ಮನುಷ್ಯ ಅಂತೇನೂ ಅಲ್ಲ. ನನ್ನ ಗಂಡನ ಡಿಗ್ರಿ ಸಮಾರಂಭಕ್ಕೆ ಅವರು ಹೋಗಿರಲಿಲ್ಲ. ಮೇ ತಿಂಗಳು, ಕರುಗಳಿಗೆ ಯಾರವೆಂದು ಗುರುತಿನ ಮುದ್ರೆ ಹಾಕುವ ದಿನ. ಅದನ್ನು ಇವರು ಇವತ್ತಿಗೂ ಮರೆತಿಲ್ಲ, ಮರೆಯಬೇಕು ಅಂತ ನಾನೂ ಹೇಳುವುದಿಲ್ಲ.

ಆ ಮುದ್ರೆ ಹಾಕುವ ದಿನ ಸುತ್ತಲಿನ ರ‍್ಯಾಂಚ್‌ನವರೆಲ್ಲ ಬರುತ್ತಾರೆ, ನಮ್ಮ ಕಡೆಯ ಮುಯ್ಯಾಳಿನ ಹಾಗೆ. ಕುದುರೆ ಮೇಲಿಂದ ಹಗ್ಗ ಎಸೆದು ಕರು ಎಳೆಯುವವರು, ಕೆಡವಿ ಹಿಡಿಯುವ ಹುಡುಗರು, ಲಸಿಕೆ ಹಾಕುವವರು. ಮಧ್ಯಾಹ್ನ ಎಲ್ಲರಿಗೂ ಊಟ, ಬೀಫ್ ಇದ್ದೇ ಇರುತ್ತದೆ. ನಾನು ಸಸ್ಯಾಹಾರಿ. ಅವರು ಬದುಕುವುದೇ ದನ ಮಾರಿ. ಮದುವೆಗೆ ಮುಂಚೆ ನನ್ನಪ್ಪ ಅಮ್ಮನಿಗೆ ಇದೇ ದೊಡ್ಡ ಚಿಂತೆಯಾಗಿತ್ತು. ಮೊದಲ ವರ್ಷವೇ ನೋಡಿದೆ, ಮೇಜಿನ ತುದಿಯಲ್ಲಿ ಬೇರೆ ಪಾತ್ರೆಯಲ್ಲಿ ಹುರುಳಿಕಾಯಿ, ಮುಸುಕಿನ ಜೋಳ. ಯಾರು ಮಾಡಿಸಿದ್ದು ಎಂದು ಅತ್ತೆಯನ್ನು ಕೇಳಿದೆ. ಅವರು ಮಾವನ ಕಡೆ ನೋಡಿದರು. ಮಾವ ಆಗಲೇ ಎದ್ದು ಹೋಗಿದ್ದರು.

ನಮ್ಮದು ಅಜ್ಜಂಪುರದ ಕಡೆ. ಮದುವೆಗೆ ಬಂದಾಗ ಎಲ್ಲರೂ ಮಾವನನ್ನು ಬೇಲೂರು, ಹಳೇಬೀಡು ಅಂತ ಸುತ್ತಿಸಿದರು. ಅವರಿಗೆ ಬೇಕಾಗಿದ್ದು ಅಮೃತ ಮಹಲ್ ದನದ ಕೇಂದ್ರ. ಅವರದೆಲ್ಲ ಕೊಂಬೇ ಬಾರದ ಕಪ್ಪು ಆಂಗಸ್ ದನ. ಇಲ್ಲಿಯ ಉದ್ದ ಕೊಂಬು ನೋಡಿ ಬಾಯಿ ಬಿಟ್ಟರು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಗೆ, ಅಂದರೆ ಅರಮನೆಯ ದನಗಳ ಇಲಾಖೆಗೆ, ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ ಕಥೆಯನ್ನು ನನ್ನ ಚಿಕ್ಕಪ್ಪ ಹೇಳಿದರೆ, ಮಾವ ಕೇಳಿದ್ದು ಒಂದೇ: ಒಂದು ಹಸುವಿಗೆ ಎಷ್ಟು ಎಕರೆ ಕಾವಲು ಬೇಕಾಗುತ್ತದೆ?

ಮಣ್ಣು ಮಾಡುವ ದಿನ ಹೂವು ತರಬೇಡಿ, ಆ ದುಡ್ಡನ್ನು ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಕೊಡಿ ಎಂದು ಮೊದಲೇ ಬರೆಸಿಟ್ಟಿದ್ದರು. ಸಿಡಿಲಿಗೆ ಹುಲ್ಲು ಹತ್ತಿಕೊಂಡರೆ ಅಲ್ಲಿ ಓಡಿಬರುವವರು ಅಕ್ಕಪಕ್ಕದವರೇ, ಪಿಕಪ್‌ನಲ್ಲಿ ನೀರಿನ ಟ್ಯಾಂಕ್ ಇಟ್ಟುಕೊಂಡು. ಸ್ಥಳೀಯ ವಾರಪತ್ರಿಕೆಯ ಶ್ರದ್ಧಾಂಜಲಿಯಲ್ಲಿ ಬಂಧುಗಳ ಹೆಸರು ಉದ್ದಕ್ಕೆ ಹಾಕುತ್ತಾರೆ. ಅದರಲ್ಲಿ ಅಜ್ಜಂಪುರದ ನನ್ನಪ್ಪ ಅಮ್ಮನ ಹೆಸರೂ ಇತ್ತು. ಅಮ್ಮ ಅದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದಾರೆ.

ಇನ್ನು ಹದಿನೆಂಟರ ವಿಷಯ. ಹೌದು, ಮಕ್ಕಳು ಓದಲು ಹೊರಗೆ ಹೋಗುತ್ತಾರೆ, ಖರ್ಚಿನಲ್ಲಿ ಅವರ ಪಾಲೂ ಇರುತ್ತದೆ. ಅದಕ್ಕೆ ಮಾವ ಮೊಮ್ಮಕ್ಕಳು ಹುಟ್ಟಿದ ವರ್ಷವೇ ಒಂದೊಂದು ಹೆಣ್ಣುಕರು ಕೊಡುತ್ತಿದ್ದರು. ಅದರ ಗಂಡುಕರು ಮಾರಿದ ದುಡ್ಡು ಮಗುವಿನ ಖಾತೆಗೆ. ಹೆಣ್ಣುಕರುವನ್ನು ಇಟ್ಟುಕೊಳ್ಳಬಹುದು, ಮಾರಲೂಬಹುದು, ಅದು ಮಗುವಿನ ತೀರ್ಮಾನ. ನನ್ನ ಮಗಳ ಲೆಕ್ಕದಲ್ಲಿ ಈಗ ಐದು ದನ. ಈ ಅಕ್ಟೋಬರ್‌ನಲ್ಲಿ ಭಾವ ಫೋನ್ ಮಾಡಿ, ನಮ್ಮನ್ನಲ್ಲ, ಅವಳನ್ನೇ ಕೇಳಿದರು: ಈ ಸಲದ ಕರು ಮಾರೋದಾ, ಇಟ್ಕೊಳ್ಳೋದಾ? ಅವಳು ರೇಟ್ ಎಷ್ಟಿದೆ ಎಂದು ಕೇಳಿ, ಯೋಚನೆ ಮಾಡೋಕೆ ಒಂದು ದಿನ ಬೇಕು ದೊಡ್ಡಪ್ಪ ಅಂದಳು.