ಮನೆಯಲ್ಲಿ ಬರುವ ಉತ್ತರ ಪರೀಕ್ಷೆಯಲ್ಲಿ ಕೈಕೊಡುವುದೇಕೆ?

ಪ್ರಶ್ನೆ: ಟೀಚರ್, ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪ್ಲಸ್ ಟು ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಮುಗಿಸಿದ್ದೇನೆ. ಕಳೆದ ಬಾರಿ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ ಭೌತಶಾಸ್ತ್ರವನ್ನೇ ಮೊದಲು ಹಿಡಿದು, ಮೂರನೆಯ ಪ್ರಶ್ನೆಯಲ್ಲೇ ಸಿಕ್ಕಿಕೊಂಡೆ. ಆಮೇಲೆ ಗೊತ್ತಿದ್ದದ್ದೂ ನೆನಪಾಗಲಿಲ್ಲ. ಈಗ ಮನೆಯಲ್ಲಿದ್ದು ಎರಡನೆಯ ಬಾರಿಗೆ ಓದುತ್ತಿದ್ದೇನೆ. ಒಂದೊಂದೇ ಪಾಠದ ಪ್ರಶ್ನೆಗಳನ್ನು ಬಿಡಿಸುವಾಗ ಚೆನ್ನಾಗಿ ಬರುತ್ತದೆ, ಪೂರ್ಣ ಮಾದರಿ ಪರೀಕ್ಷೆಗೆ ಕುಳಿತರೆ ಅಂಕ ಇಳಿಯುತ್ತದೆ. ಕನ್ನಡ ಮಾಧ್ಯಮದಿಂದ ಬಂದದ್ದು ಕಾರಣವೇ? ಧೈರ್ಯ ತಂದುಕೊಳ್ಳುವುದು ಹೇಗೆ?

ಉತ್ತರ: ಮಗಳೇ, ಪಾಠದ ಪ್ರಶ್ನೆಗಳನ್ನು ಬಿಡಿಸಬಲ್ಲೆಯಾದರೆ ನಿನ್ನ ಓದಿನಲ್ಲಿ ದೊಡ್ಡ ದೋಷವಿಲ್ಲ. ಪಾಠ ಮುಗಿಸಿದ ಕೂಡಲೇ ಅದೇ ಪಾಠದ ಪ್ರಶ್ನೆಯನ್ನು ಎತ್ತಿಕೊಂಡಾಗ, ಯಾವ ಸೂತ್ರ ಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಪೂರ್ಣ ಪತ್ರಿಕೆಯಲ್ಲಿ ಆ ಸುಳಿವು ಇರುವುದಿಲ್ಲ. ನೀನು ಅಭ್ಯಾಸ ಮಾಡದೆ ಬಿಟ್ಟಿರುವುದು ಆ ಆಯ್ಕೆಯ ಕೆಲಸವನ್ನು ಮತ್ತು ಮೂರು ಗಂಟೆ ಎದ್ದೇಳದೆ ಕೂರುವುದನ್ನು. ಧೈರ್ಯ ಬಂದ ಮೇಲೆ ಪೂರ್ಣ ಪರೀಕ್ಷೆ ಬರೆಯುತ್ತೇನೆಂದು ಕಾಯಬೇಡ. ಅಂಥ ಪತ್ರಿಕೆಗಳನ್ನು ಒಂದರ ಮೇಲೊಂದು ಬರೆದು ಮುಗಿಸಿದವರಿಗೆ ಧೈರ್ಯ ತಾನಾಗಿ ಬಂದದ್ದನ್ನು ನಾನು ತರಗತಿಯಲ್ಲಿ ವರ್ಷವರ್ಷವೂ ನೋಡಿದ್ದೇನೆ.

ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ, ಅದೂ ಮೇ ತಿಂಗಳ ಸೆಕೆಯಲ್ಲಿ. ಬೆಳಗ್ಗೆ ತಂಪು ಹೊತ್ತಿನಲ್ಲಿ ಮಾದರಿ ಪರೀಕ್ಷೆ ಬರೆದು ಅಭ್ಯಾಸವಾದವರಿಗೆ ಊಟದ ನಂತರದ ಆ ಹೊತ್ತಿನಲ್ಲಿ ತಲೆ ಭಾರವಾಗುವುದು ಸಹಜ. ಆದ್ದರಿಂದ ವಾರಕ್ಕೆ ಎರಡು ದಿನವಾದರೂ, ದಿನವೂ ಉಣ್ಣುವ ಕುಚ್ಚಲಕ್ಕಿ ಗಂಜಿಯನ್ನೇ ಸ್ವಲ್ಪ ಬೇಗ ಉಂಡು, ಸರಿಯಾಗಿ 2 ಗಂಟೆಗೆ ಬೆಂಚಿನ ಮೇಲೆ ಕುಳಿತು 5ರವರೆಗೆ ಏಳದೆ ಬರೆ. ಕೈಗಡಿಯಾರವನ್ನು ಪರೀಕ್ಷಾ ಕೊಠಡಿಗೆ ಒಯ್ಯುವಂತಿಲ್ಲ, ಹಾಗಾಗಿ ಮನೆಯಲ್ಲೂ ಗೋಡೆ ಗಡಿಯಾರವನ್ನೇ ನೋಡುವ ರೂಢಿ ಮಾಡಿಕೋ. ಕರೆಂಟು ಹೋಗಿ ಫ್ಯಾನ್ ನಿಂತರೂ ಎದ್ದು ಹೋಗಬೇಡ.

ಹಳೆಯ ಪತ್ರಿಕೆಗಳನ್ನು ಬಳಸುವಾಗ ಒಂದು ಎಚ್ಚರ ಬೇಕು. 2022ರಿಂದ 2024ರವರೆಗೆ 200 ಪ್ರಶ್ನೆಗಳಲ್ಲಿ 180ನ್ನು ಆರಿಸಿಕೊಂಡು ಉತ್ತರಿಸಲು 200 ನಿಮಿಷಗಳಿದ್ದವು. 2025ರಿಂದ ಆಯ್ಕೆಯೂ ಇಲ್ಲ, ಆ ಹೆಚ್ಚುವರಿ 20 ನಿಮಿಷವೂ ಇಲ್ಲ. 180 ಪ್ರಶ್ನೆಗೆ 180 ನಿಮಿಷ. ಆ ವರ್ಷಗಳ ಪತ್ರಿಕೆಯನ್ನು ಹಳೆಯ ಅವಧಿಯಲ್ಲೇ ಬರೆದು ಸಮಾಧಾನಪಟ್ಟರೆ ಪರೀಕ್ಷೆಯ ದಿನ ಕೊನೆಯ ಪುಟಗಳು ಹಾಗೇ ಉಳಿದಾವು.

ಮೂರನೆಯ ಪ್ರಶ್ನೆಯಲ್ಲಿ ಸಿಕ್ಕಿಕೊಂಡದ್ದನ್ನು ನಿನ್ನ ದೌರ್ಬಲ್ಯವೆಂದು ಎಣಿಸಬೇಡ, ಅದು ಕ್ರಮದ ತಪ್ಪು. ಒಟ್ಟು 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದು, ಅಂದರೆ 90 ಪ್ರಶ್ನೆಗಳು. ಅವುಗಳಲ್ಲಿ ಹೆಚ್ಚಿನವಕ್ಕೆ ಲೆಕ್ಕವಿಲ್ಲ. ಅದನ್ನು ಮೊದಲು ಹಿಡಿದು 50 ನಿಮಿಷದೊಳಗೆ ಮುಗಿಸಲು ಪ್ರಯತ್ನಿಸು, ನಂತರ ರಸಾಯನಶಾಸ್ತ್ರ, ಕೊನೆಗೆ ಭೌತಶಾಸ್ತ್ರ. ಮೊದಲ ಗಂಟೆಯಲ್ಲಿ ಬಂದ ಉತ್ತರಗಳ ರಾಶಿ ಕೈಯಲ್ಲಿದ್ದರೆ, ಮುಂದೆ ಒಂದು ಲೆಕ್ಕ ಬಾರದಿದ್ದರೂ ಎದೆ ಹೊಡೆದುಕೊಳ್ಳುವುದಿಲ್ಲ. ನಾನು ಭೌತಶಾಸ್ತ್ರ ಕಲಿಸಿದವಳಾದರೂ ಈ ಸಲಹೆಯನ್ನೇ ಕೊಡುತ್ತೇನೆ. ಒಂದೂವರೆ ನಿಮಿಷದಲ್ಲಿ ದಾರಿ ಕಾಣದ ಪ್ರಶ್ನೆಗೆ ಪಕ್ಕದಲ್ಲಿ ಗುರುತು ಹಾಕಿ ಮುಂದೆ ಹೋಗು. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಿದ ಹತ್ತು ಪ್ರಶ್ನೆಗಳಿದ್ದು, ಅವುಗಳಲ್ಲಿ ಐದು ಸರಿಯಾದರೂ 20 ಬಂದು 5 ಹೋಗಿ 15 ಉಳಿಯುತ್ತದೆ, ಅಲ್ಲಿ ಹಿಂಜರಿಯಬೇಡ. ಏನೂ ಗೊತ್ತಿಲ್ಲದ ಪ್ರಶ್ನೆಯನ್ನು ಮಾತ್ರ ಬಿಟ್ಟುಬಿಡು.

ಉತ್ತರದ ವೃತ್ತಗಳನ್ನು ತುಂಬುವ ಓಎಂಆರ್ ಹಾಳೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮಾದರಿ ಪರೀಕ್ಷೆಯಲ್ಲಿ ನನ್ನ ಒಬ್ಬ ವಿದ್ಯಾರ್ಥಿ 61ನೆಯ ಪ್ರಶ್ನೆಯನ್ನು ಬಿಟ್ಟು, 62ರ ಉತ್ತರವನ್ನು 61ರ ಸಾಲಿನಲ್ಲಿ ತುಂಬಿ, 70ಕ್ಕೆ ಬಂದಾಗ ಗಮನಿಸಿದ. ಬಾಲ್ ಪೆನ್ನಿನಿಂದ ತುಂಬಿದ ವೃತ್ತವನ್ನು ಅಳಿಸಲಾಗದು. ಆ ಹುಡುಗನ ಬೆವರಿದ ಅಂಗೈಯಿಂದ ಹಾಳೆಯ ಅಂಚು ಮುದುಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆಲ್ಲ ಒಂದೇ ಕ್ರಮ ಹೇಳಿಕೊಟ್ಟೆ: ಪುಸ್ತಿಕೆಯ ಒಂದು ಪುಟದ ಪ್ರಶ್ನೆಗಳಿಗೆ ಉತ್ತರ ಗುರುತಿಸಿ, ಆ ಪುಟದವನ್ನಷ್ಟೇ ಹಾಳೆಗೆ ತುಂಬಿ, ಪ್ರತಿ ಸಲವೂ ಪ್ರಶ್ನೆಯ ಸಂಖ್ಯೆಯನ್ನು ತುಟಿಯಲ್ಲೇ ಹೇಳಿಕೊಳ್ಳುವುದು. ಎಲ್ಲವನ್ನೂ ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳುವುದು ಅಪಾಯ.

ಇನ್ನು ಕನ್ನಡದ ಮಾತು. ಹತ್ತರವರೆಗೆ ದ್ಯುತಿಸಂಶ್ಲೇಷಣೆ ಎಂದು ಕಲಿತವಳು ಹನ್ನೊಂದರಲ್ಲಿ ಫೋಟೋಸಿಂಥೆಸಿಸ್ ಎಂದು ಕೇಳಿದಾಗ ಒಂದು ಕ್ಷಣ ತಡವರಿಸುವುದುಂಟು, ಆದರೆ ಎಲೆಯೊಳಗೆ ನಡೆಯುವುದೇನೆಂಬ ತಿಳಿವು ತಾಯ್ನುಡಿಯಲ್ಲಿ ಗಟ್ಟಿಯಾಗಿ ಬಂದಿದೆ. ಅದು ನಿನಗೆ ಆಸ್ತಿ. ಕೀಳರಿಮೆಗೆ ಎಡೆಯೇ ಇಲ್ಲ. ನೀಟ್ ಪತ್ರಿಕೆ 13 ಭಾಷೆಗಳಲ್ಲಿದ್ದು ಕನ್ನಡವೂ ಅವುಗಳಲ್ಲೊಂದು. ಆದರೆ ಗಡಿನಾಡಿನ ನಮ್ಮ ಮಕ್ಕಳು ತಿಳಿದಿರಬೇಕಾದ ಸಂಗತಿಯೆಂದರೆ, ಕನ್ನಡದ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕನ್ನಡ ಬೇಕೆಂದರೆ ಅರ್ಜಿ ತುಂಬುವಾಗಲೇ ಮಂಗಳೂರಿನಂಥ ಕೇಂದ್ರವನ್ನು ಆರಿಸಬೇಕು. ಆ ಪುಸ್ತಿಕೆಯಲ್ಲಿ ಅವೇ ಪ್ರಶ್ನೆಗಳು ಇಂಗ್ಲಿಷಿನಲ್ಲೂ ಜೊತೆಗಿರುತ್ತವೆ, ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷಿನದೇ ಅಂತಿಮ. ಪ್ಲಸ್ ಟು ಅನ್ನು ಇಂಗ್ಲಿಷಿನಲ್ಲಿ ಓದಿರುವ ನೀನು ಉತ್ತರ ಹುಡುಕಲು ಇಂಗ್ಲಿಷನ್ನೇ ಓದು. ‘ಯಾವುದು ಸರಿಯಲ್ಲ’ ಎಂಬಂಥ ತಿರುವಿನ ಪ್ರಶ್ನೆಗಳಲ್ಲಿ ಅರ್ಥ ಖಚಿತಪಡಿಸಿಕೊಳ್ಳಲು ಕನ್ನಡದತ್ತ ಕಣ್ಣು ಹಾಯಿಸು. ನನ್ನ ಅಭಿಪ್ರಾಯದಲ್ಲಿ ನಿನಗೆ ಎರಡೂ ಇರುವ ಪತ್ರಿಕೆಯೇ ಒಳ್ಳೆಯದು.

ಪತ್ರಿಕೆ ಕಷ್ಟವಾಗಿದ್ದರೆ ಅದು ನಿನಗೊಬ್ಬಳಿಗೇ ಅಲ್ಲ. 2024ರಲ್ಲಿ ಪೂರ್ಣ 720 ಅಂಕ ಪಡೆದವರು ಹಲವರಿದ್ದರು. 2025ರಲ್ಲಿ ದೇಶಕ್ಕೇ ಮೊದಲ ಸ್ಥಾನ ಬಂದದ್ದು 686 ಅಂಕಕ್ಕೆ. ಸೀಟು ಸಿಗುವುದು ರ‍್ಯಾಂಕಿನ ಮೇಲೆ. ಮೂರನೆಯ ಪ್ರಶ್ನೆ ಬಾರದಾಗ ಈ ಎರಡು ಸಂಖ್ಯೆಗಳನ್ನು ನೆನೆದುಕೊಂಡು ನಾಲ್ಕನೆಯದಕ್ಕೆ ಹೋಗು.

ಪ್ರಶ್ನೆ: ಮಗನ ನೀಟ್ ಕೇಂದ್ರ ಮಂಗಳೂರಿನಲ್ಲಿದೆ. ಮಂಜೇಶ್ವರದಿಂದ ಅದೇ ದಿನ ಹೊರಟರೆ ಸಾಕೇ? ಅವನ ಜೊತೆ ನಾವು ಹೇಗಿರಬೇಕು?

ಉತ್ತರ: ದೂರ ಹೆಚ್ಚಿಲ್ಲದ ಕಾರಣ ಲಾಡ್ಜಿನಲ್ಲಿ ತಂಗುವ ಅಗತ್ಯವಿಲ್ಲ, ಅಪರಿಚಿತ ಹಾಸಿಗೆಯಲ್ಲಿ ನಿದ್ದೆ ಕೆಡುವುದಕ್ಕಿಂತ ಮನೆಯೇ ಮೇಲು. ಆದರೆ 1:30ಕ್ಕೆ ಗೇಟು ಮುಚ್ಚಿದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹೆದ್ದಾರಿಯಲ್ಲಿ ತಲಪಾಡಿಯಿಂದಾಚೆ ಎಲ್ಲಿ ವಾಹನ ನಿಂತೀತೆಂದು ಹೇಳಲಾಗದು, ಆದ್ದರಿಂದ ಹಿಂದಿನ ಭಾನುವಾರ ಅದೇ ಹೊತ್ತಿಗೆ ಮಗನೊಂದಿಗೆ ಒಮ್ಮೆ ಹೋಗಿ ಕಟ್ಟಡ ನೋಡಿ ಬನ್ನಿ. ಅರ್ಧ ತೋಳಿನ ಅಂಗಿ, ಚಪ್ಪಲಿ, ಪ್ರವೇಶ ಪತ್ರ, ಫೋಟೋ, ಗುರುತಿನ ಚೀಟಿ, ಪಾರದರ್ಶಕ ಬಾಟಲಿಯಲ್ಲಿ ನೀರು, ಇಷ್ಟನ್ನು ಹಿಂದಿನ ರಾತ್ರಿಯೇ ತೆಗೆದಿಡಿ. ಪೆನ್ನು ಅಲ್ಲೇ ಕೊಡುತ್ತಾರೆ. ಸಂಜೆ ಹೊರಬಂದ ಕೂಡಲೇ ಎಷ್ಟು ಸರಿಯಾಯಿತೆಂದು ಕೇಳದೆ, ಮೊದಲು ಅವನಿಗೆ ತಿನ್ನಲು ಏನಾದರೂ ಕೊಡಿಸಿ.