ಪ್ರ: ಮ್ಯಾನ್ಮಾರ್‌ನಲ್ಲಿ ಸೇನೆಯ ಆಡಳಿತ, ಆದರೆ ವಿಶ್ವಸಂಸ್ಥೆಯ ಕುರ್ಚಿಯಲ್ಲಿ ಸೇನಾವಿರೋಧಿ ರಾಯಭಾರಿ. ಇದು ಹೇಗೆ?

ಸರ್, ನೀವು ಕೇಳಿದ್ದು ಸರಿಯಾಗಿದೆ, ಹೊರಗಿನಿಂದ ನೋಡಿದರೆ ವಿಚಿತ್ರವೇ. ಆ ರಾಯಭಾರಿ ಕ್ಯಾವ್ ಮೋ ಟುನ್; ಅವರನ್ನು ನೇಮಿಸಿದ್ದು ಆಂಗ್ ಸಾನ್ ಸೂ ಕಿ ಅವರ ಚುನಾಯಿತ ಸರ್ಕಾರ. 2021ರ ಫೆಬ್ರವರಿ 1ಕ್ಕೆ ಸೇನೆ ಅಧಿಕಾರ ಕಸಿದುಕೊಂಡಿತು. ಅದೇ ತಿಂಗಳ 26ಕ್ಕೆ ಅವರು ಮಹಾಸಭೆಯಲ್ಲೇ ಸೇನಾವಿರೋಧದ ಗುರುತಾದ ಮೂರು ಬೆರಳೆತ್ತಿ ಪ್ರತಿಭಟಿಸಿದರು. ಸೇನೆ ವಜಾ ಮಾಡಿ ಬೇರೆಯವರ ಹೆಸರು ಕಳಿಸಿತು.

ಒಂದು ದೇಶದ ಪ್ರತಿನಿಧಿ ಯಾರು ಎಂಬ ಇಂಥ ಜಗಳ ಹೋಗುವುದು ವಿಶ್ವಸಂಸ್ಥೆಯ ಒಂಬತ್ತು ದೇಶಗಳ ಅಧಿಕಾರಪತ್ರ ಪರಿಶೀಲನಾ ಸಮಿತಿಗೆ. ಅದರಲ್ಲಿ ಅಮೆರಿಕ, ಚೀನಾ, ರಷ್ಯಾ ರೂಢಿಯಂತೆ ಇದ್ದೇ ಇರುತ್ತವೆ. 2021ರ ಡಿಸೆಂಬರ್‌ನಲ್ಲಿ ಸಮಿತಿ ಮಾಡಿದ್ದು ಇಷ್ಟೇ: ತೀರ್ಮಾನ ಮುಂದೂಡಿತು. ಮುಂದಿನ ವರ್ಷವೂ ಅದೇ ಕತೆ. ನಿಯಮದ ಪ್ರಕಾರ ಇತ್ಯರ್ಥವಾಗುವವರೆಗೆ ಕುಳಿತವರು ತಾತ್ಕಾಲಿಕವಾಗಿ ಕುಳಿತಿರಬಹುದು. ಅಂದರೆ ಅವರು ಉಳಿದದ್ದು ಯಾರೋ ಗೆಲ್ಲಿಸಿದ್ದಕ್ಕಲ್ಲ, ಯಾರೂ ನಿರ್ಧರಿಸದ್ದಕ್ಕೆ. ಸಭೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ನನ್ನ ತಕರಾರು ಇದೇ.

ಇನ್ನೊಂದು ತಮಾಷೆ ನೋಡಿ. ರೋಹಿಂಗ್ಯಾ ನರಮೇಧದ ಬಗ್ಗೆ ಗ್ಯಾಂಬಿಯಾ ಹೂಡಿದ ಮೊಕದ್ದಮೆಯಲ್ಲಿ, 2022ರ ಫೆಬ್ರವರಿಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಮ್ಯಾನ್ಮಾರ್ ಪರ ನಿಂತವರು ಸೇನೆಯ ಕಡೆಯವರು! ಒಂದೇ ದೇಶ, ಎರಡು ಕಡೆ ಎರಡು ಮುಖ.

"ಹಾಗಾದರೆ ವಿರೋಧಿಗಳು ಎಲ್ಲರ ಪ್ರತಿನಿಧಿಗಳೇ?" ಅಂದಿದ್ದೀರಿ. ಪೂರ್ತಿ ಅಲ್ಲ. 2021ರ ಏಪ್ರಿಲ್‌ನಲ್ಲಿ ಹುಟ್ಟಿದ ಸೇನಾವಿರೋಧಿಗಳ ಪರ್ಯಾಯ ಸರ್ಕಾರವಾದ ರಾಷ್ಟ್ರೀಯ ಏಕತಾ ಸರ್ಕಾರಕ್ಕೆ, ಸೂ ಕಿ ಪಕ್ಷ ಗೆದ್ದ 2020ರ ಚುನಾವಣೆಯ ಬಲವಿದೆ, ನಿಜ. ಆದರೆ ರಾಖೈನ್ ರಾಜ್ಯದ ಅರಾಕನ್ ಸೇನೆಯಂಥ ಪ್ರಬಲ ಜನಾಂಗೀಯ ಸಶಸ್ತ್ರ ಪಡೆಗಳು ಅದರೊಳಗಿಲ್ಲ. ರೋಹಿಂಗ್ಯಾರ ಪೌರತ್ವ ಕಸಿದ 1982ರ ಕಾನೂನು ತೆಗೆಯುತ್ತೇವೆಂದು ಅದು ಹೇಳಿದ್ದೂ ಸೇನೆ ಅಧಿಕಾರ ಕಸಿದ ನಂತರವೇ.