ಸತ್ಯಜಿತ್ ರೇ ಅವರ ‘ಗಣಶತ್ರು’ ಯಾಕೆ ಇಷ್ಟು ಸಪ್ಪೆ?

‘ಪಥೇರ್ ಪಾಂಚಾಲಿ’ ನೋಡಿದ ಕಣ್ಣಿಗೆ ‘ಗಣಶತ್ರು’ (1989) ಟಿವಿ ನಾಟಕದ ಹಾಗೆ ಕಂಡರೆ ತಪ್ಪು ನಿಮ್ಮದಲ್ಲ. ಮುಖ್ಯ ಕಾರಣ ರೇ ಅವರ ಆರೋಗ್ಯ. 1983ರ ಹೃದಯಾಘಾತದ ನಂತರ ಹೊರಾಂಗಣ ಚಿತ್ರೀಕರಣ ಬೇಡವೆಂದರು ವೈದ್ಯರು. ಹಾಗಾಗಿ ಚಿತ್ರಕ್ಕೆ ಮೂಲವಾದ, ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಆ್ಯನ್ ಎನಿಮಿ ಆಫ್ ದ ಪೀಪಲ್’ ನಾಟಕವನ್ನು ರೇ ಹೆಚ್ಚಾಗಿ ಸ್ಟುಡಿಯೊ ಸೆಟ್‌ನಲ್ಲೇ ಮುಗಿಸಿದರು. ಕಥೆಯ ಜೀವವೇ ದೇವಸ್ಥಾನದ ತೀರ್ಥಕ್ಕೆ ಸೇರಿದ ಕೊಳಚೆ, ಅದನ್ನು ಬಯಲಿಗೆಳೆಯಲು ಹೊರಟ ಡಾಕ್ಟರ್. ಆದರೆ ಆ ಊರು, ಆ ಭಕ್ತರ ಜಂಗುಳಿ ತೆರೆಗೆ ಬರುವುದು ತೀರಾ ಕಡಿಮೆ. ಎಲ್ಲವನ್ನೂ ಪಾತ್ರಗಳು ಕೂತಲ್ಲೇ ಮಾತಿನಲ್ಲಿ ಹೇಳಿ ಮುಗಿಸುತ್ತವೆ. ಕೊನೆಯೂ ಪೇಲವ: ಇಬ್ಸೆನ್‌ನ ಡಾಕ್ಟರ್ ಒಂಟಿಯಾಗಿ ನಿಲ್ಲುತ್ತಾನೆ, ಇಲ್ಲಿ ಹೊರಗಿನಿಂದ ಬೆಂಬಲದ ಘೋಷಣೆ ಕೇಳಿಬರುತ್ತದೆ. ಆದರೂ ಡಾಕ್ಟರ್ ಪಾತ್ರದ ಸೌಮಿತ್ರ ಚಟರ್ಜಿ ಸಭೆಯಲ್ಲಿ ಮಾತಾಡಲು ನಿಲ್ಲುವ ದೃಶ್ಯ ತಪ್ಪಿಸಿಕೊಳ್ಳಬೇಡಿ. ಮುಂದೆ ರೇ ಅವರದೇ ‘ಆಗಂತುಕ್’ (1991) ನೋಡಿ. ಅದೂ ಬಹುಪಾಲು ಮನೆಯೊಳಗಿನ ಮಾತೇ, ಆದರೆ ಮಾತಿಗೆ ಉಪ್ಪು-ಖಾರ ಇದೆ.